ದೂರದ ಬೆಟ್ಟದ ಹಾಲಿನ ಪುಡಿ



ಬೆಳಗ್ಗೆ ನೀವು ಸಂಘಕ್ಕೆ ಹಾಕುವ ಹಾಲಿನ ದಾರಿ ನಿಮಗೆ ಗೊತ್ತು. ಕೊಟ್ಟಿಗೆಯಿಂದ ಸಂಘ, ಸಂಘದಿಂದ ಶೀತಲ ಕೇಂದ್ರ, ಅಲ್ಲಿಂದ ಟ್ಯಾಂಕರಿನಲ್ಲಿ ಡೇರಿ, ಡೇರಿಯಿಂದ ಪ್ಯಾಕೆಟ್ಟಾಗಿ ಪೇಟೆಯ ಮನೆ. ಹಸು ಏನು ತಿಂದಿತು, ಯಾವಾಗ ಕಾಯಿಲೆ ಬಿದ್ದಿತು, ಸಗಣಿ ಯಾವ ಹೊಲಕ್ಕೆ ಹೋಯಿತು ಎನ್ನುವುದೂ ನಿಮಗೆ ಗೊತ್ತು. ಹಾಲಿನಲ್ಲಿ ಏನಾದರೂ ತಪ್ಪು ಕಂಡರೆ ಡೇರಿಯವರು ಮಾರ್ಗ ಹಿಡಿದು ನಿಮ್ಮ ಸಂಘದವರೆಗೆ ಬರುತ್ತಾರೆ. ದಾರಿ ಚಿಕ್ಕದು, ಹಾಗಾಗಿ ಯಾರ ಕೆಲಸ ಎಲ್ಲಿದೆ ಎನ್ನುವುದು ಕಾಣುತ್ತದೆ.

ಜಗತ್ತಿನ ಎಲ್ಲ ಹಾಲಿಗೂ ಇಷ್ಟು ಚಿಕ್ಕ ದಾರಿ ಇಲ್ಲ. ಒಂದೇ ಚಮಚ ಹಾಲಿನ ಪುಡಿಯ ಹಿಂದೆ ನಾಲ್ಕು ದೇಶ, ಎರಡು ಸಮುದ್ರ ಇರುವುದುಂಟು. ಅಂಥ ಪುಡಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ. ಅದು ಅಗ್ಗವಾಗಲು ಯಾರೋ ಎಲ್ಲೋ ಬೆಲೆ ತೆತ್ತಿರುತ್ತಾರೆ. ಕೊಳ್ಳುವವರಿಗೆ ಅದು ಕಾಣುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುವ ಗಾದೆ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ.

ಇದನ್ನು ನಾವು ಯಾಕೆ ತಿಳಿಯಬೇಕು? ಮಾರಾಟವಾಗಿ ಉಳಿದ ಹಾಲನ್ನು ನಮ್ಮ ಡೇರಿಗಳೂ ಬೆಣ್ಣೆ ಮತ್ತು ಪುಡಿ ಮಾಡಿ ಇಡುತ್ತವೆ. ಹೊರದೇಶಗಳಲ್ಲಿ ಪುಡಿಯ ಬೆಲೆ ಕುಸಿದರೆ ನಮ್ಮ ಪುಡಿಯನ್ನು ಅಲ್ಲಿಗೆ ಕಳಿಸಿ ಗಿಟ್ಟಿಸಿಕೊಳ್ಳಲು ಆಗುವುದಿಲ್ಲ. ಗೋದಾಮಿನಲ್ಲಿ ಚೀಲಗಳು ಬೆಳೆಯುತ್ತವೆ, ಅದರ ಭಾರ ಕೊನೆಗೆ ನಿಮ್ಮ ಬಟವಾಡೆಯ ಮೇಲೆ ಬೀಳುತ್ತದೆ. ಆದ್ದರಿಂದ ಆ ಪುಡಿ ಅಷ್ಟು ಅಗ್ಗವಾಗುವುದು ಹೇಗೆ ಎಂದು ತಿಳಿಯುವುದು ಹಾಲು ಹಾಕುವ ಹೆಣ್ಣುಮಕ್ಕಳಿಗೆ ದೂರದ ಸುದ್ದಿಯೇನಲ್ಲ. ಬನ್ನಿ, ಅಂಥ ಒಂದು ಪುಡಿಯ ದಾರಿಯನ್ನು ಹಿಂದಿನಿಂದ ನೋಡಿಕೊಂಡು ಬರೋಣ.

ಹಿಂಡಿ ಬರುವ ಊರು: ಬ್ರೆಜಿಲ್

ಸೋಯಾ ಹಿಂಡಿ ನಿಮಗೆ ಹೊಸದಲ್ಲ. ಒಂದು ಕ್ವಿಂಟಾಲ್ ಸೋಯಾ ಅವರೆಯನ್ನು ಗಾಣಕ್ಕೆ ಹಾಕಿದರೆ ಸುಮಾರು 18 ಕೆ.ಜಿ. ಎಣ್ಣೆ, 80 ಕೆ.ಜಿ.ಯಷ್ಟು ಹಿಂಡಿ ಬರುತ್ತದೆ. ಆ ಹಿಂಡಿಯಲ್ಲಿ 44ರಿಂದ 48% ಪ್ರೋಟೀನ್ ಇರುತ್ತದೆ. ಹಾಲು ಹೆಚ್ಚು ಕೊಡುವ ಹಸುವಿಗೆ, ಕೋಳಿಗೆ, ಹಂದಿಗೆ ಇದಕ್ಕಿಂತ ಸುಲಭದ ಪ್ರೋಟೀನ್ ಸಿಗುವುದು ಕಷ್ಟ. ಹಾಗಾಗಿ ಜಗತ್ತಿನಾದ್ಯಂತ ಅದಕ್ಕೆ ಬೇಡಿಕೆ.

ಯುರೋಪಿಯನ್ ಒಕ್ಕೂಟದ ದೇಶಗಳು ಅವರೆ ಮತ್ತು ಹಿಂಡಿ ಎರಡೂ ಸೇರಿ ವರ್ಷಕ್ಕೆ ಸುಮಾರು 3 ಕೋಟಿ ಟನ್ ಸೋಯಾ ಆಮದು ಮಾಡಿಕೊಳ್ಳುತ್ತವೆ. ಅದರಲ್ಲಿ ದೊಡ್ಡ ಪಾಲು ದಕ್ಷಿಣ ಅಮೆರಿಕದ್ದು, ಮುಖ್ಯವಾಗಿ ಬ್ರೆಜಿಲ್‌ನದು. ಹೆಚ್ಚಿನದು ಕೋಳಿ, ಹಂದಿಗಳ ಹೊಟ್ಟೆಗೆ ಹೋಗುತ್ತದೆ, ಒಂದು ಪಾಲು ಹಾಲಿನ ಹಸುಗಳಿಗೆ.

ಬ್ರೆಜಿಲ್‌ನಲ್ಲಿ ಈ ಸೋಯಾ ಬೆಳೆಯುವ ಪ್ರದೇಶಗಳಲ್ಲಿ ದೊಡ್ಡದು ಸೆರಾಡೊ. ಅಮೆಜಾನ್ ಕಾಡಿನ ಹೆಸರು ಎಲ್ಲರೂ ಕೇಳಿದ್ದಾರೆ, ಸೆರಾಡೊ ಹೆಸರು ಕೇಳಿದವರು ಕಡಿಮೆ. ಅದು ಹುಲ್ಲು, ಕುರುಚಲು, ಗಿಡ್ಡ ಮರಗಳ ನಾಡು. ವಿಸ್ತಾರ ಸುಮಾರು 20 ಲಕ್ಷ ಚದರ ಕಿಲೋಮೀಟರ್, ಅಂದರೆ ಹತ್ತು ಕರ್ನಾಟಕದಷ್ಟು. ನೋಡುವುದಕ್ಕೆ ಬರೀ ಬೀಳು ಅನ್ನಿಸಬಹುದು. ಆದರೆ ಅಲ್ಲಿಯ ಗಿಡಗಳ ಬೇರು ಆಳಕ್ಕೆ ಇಳಿದಿರುತ್ತದೆ, ಬಿದ್ದ ಮಳೆಯನ್ನು ನೆಲ ಹಿಡಿದಿಟ್ಟುಕೊಳ್ಳುತ್ತದೆ. ಆ ದೇಶದ ಹಲವು ದೊಡ್ಡ ನದಿಗಳು ಅಲ್ಲೇ ಹುಟ್ಟುತ್ತವೆ. ಅಂಥ ನೆಲದ ಸಹಜ ಸಸ್ಯ ಸುಮಾರು ಅರ್ಧದಷ್ಟು ಈಗಾಗಲೇ ಹೋಗಿದೆ; ಅದರ ಜಾಗದಲ್ಲಿ ದನದ ಹುಲ್ಲುಗಾವಲು, ಸೋಯಾ, ಜೋಳ ಬಂದಿವೆ.

ಅಮೆಜಾನ್ ಕಾಡು ಕಡಿದ ನೆಲದ ಸೋಯಾವನ್ನು ಕೊಳ್ಳುವುದಿಲ್ಲ ಎಂದು ದೊಡ್ಡ ವ್ಯಾಪಾರಿಗಳು 2006ರಲ್ಲಿ ಒಪ್ಪಂದ ಮಾಡಿಕೊಂಡರು. ಅದರಿಂದ ಅಲ್ಲಿ ಪ್ರಯೋಜನವಾಯಿತು. ಸೆರಾಡೊ ಆ ಒಪ್ಪಂದದೊಳಗೆ ಇರಲಿಲ್ಲ. ಜನರ ಕಣ್ಣು ಬಿದ್ದ ಕಡೆ ಕಾಯ್ದರು, ಕಣ್ಣು ಬೀಳದ ಕಡೆ ಕೊಡಲಿ ನಡೆಯಿತು.

ಸಗಣಿ ಉಳಿಯುವ ಊರು: ನೆದರ್ಲೆಂಡ್ಸ್

ಆ ಹಿಂಡಿ ಹಡಗೇರಿ ಹೋಗುವ ದೇಶಗಳಲ್ಲಿ ನೆದರ್ಲೆಂಡ್ಸ್ ಒಂದು. ರಾಟರ್‌ಡ್ಯಾಮ್, ಆಮ್‌ಸ್ಟರ್‌ಡ್ಯಾಮ್ ಬಂದರುಗಳಿಗೆ ಬಂದ ಸೋಯಾ ಅಲ್ಲಿಂದ ಯುರೋಪಿನ ಉಳಿದ ದೇಶಗಳಿಗೂ ಹೋಗುತ್ತದೆ. ದೇಶ ನಮ್ಮ ರಾಜ್ಯದ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹಾಲು ಕರೆಯುವ ಹಸುಗಳು ಮಾತ್ರ ಸುಮಾರು 15 ಲಕ್ಷ ಇವೆ. ನಮ್ಮಲ್ಲಿ ಅನೇಕರ ಕೊಟ್ಟಿಗೆಯಲ್ಲಿರುವ ಎಚ್.ಎಫ್. ಹಸುವಿನ ಮೂಲ ತಳಿ ಆ ಕಡೆಯದೇ.

ಹಸು ತಿಂದ ಪ್ರೋಟೀನಿನ ಸಾರಜನಕದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಮಾತ್ರ ಹಾಲಿಗೆ ಹೋಗುತ್ತದೆ. ಉಳಿದದ್ದು ಸಗಣಿ, ಗಂಜಲದಲ್ಲಿ ಹೊರಬರುತ್ತದೆ. ನಮ್ಮ ಊರುಗಳಲ್ಲಿ ಅದು ತಿಪ್ಪೆ ಸೇರಿ, ಮುಂಗಾರಿಗೆ ಮುಂಚೆ ಅದೇ ಊರಿನ ಹೊಲ ಸೇರುತ್ತದೆ. ಹೊಲದಿಂದ ಬಂದದ್ದು ಹೊಲಕ್ಕೇ ವಾಪಸು. ಆದರೆ ಬ್ರೆಜಿಲ್‌ನ ನೆಲದ ಸಾರ ಹಿಂಡಿಯಾಗಿ ಹೋಗಿ ನೆದರ್ಲೆಂಡ್ಸಿನಲ್ಲಿ ಸಗಣಿಯಾದರೆ ಅದು ಹಿಂದಕ್ಕೆ ಹೋಗುವುದಿಲ್ಲ. ಅಲ್ಲಿನ ನೆಲಕ್ಕೆ ಬೇಕಾದ್ದಕ್ಕಿಂತ ಗೊಬ್ಬರ ಹೆಚ್ಚಾಗುತ್ತದೆ. ನಮ್ಮಲ್ಲಿ ಒಂದು ಟ್ರ್ಯಾಕ್ಟರ್ ಗೊಬ್ಬರಕ್ಕೆ ದುಡ್ಡು ಕೊಟ್ಟು ಕೊಳ್ಳುತ್ತೇವೆ. ಅಲ್ಲಿ ಎಷ್ಟೋ ರೈತರು ಹೆಚ್ಚಾದ ಸಗಣಿಯನ್ನು ದುಡ್ಡು ಕೊಟ್ಟು ಸಾಗಿಸುತ್ತಾರೆ.

ಗಂಜಲ, ಸಗಣಿಯಿಂದ ಏಳುವ ಅಮೋನಿಯಾ ಗಾಳಿಯಲ್ಲಿ ಸೇರಿ ಕಾಡು, ಜೌಗುನೆಲಗಳ ಮೇಲೆ ಬೀಳುತ್ತದೆ. ಬಡ ಮಣ್ಣಿನಲ್ಲಿ ಬದುಕುವ ಗಿಡಗಳು ಅದರಿಂದ ನಾಶವಾಗುತ್ತವೆ, ನೀರೂ ಕೆಡುತ್ತದೆ. 2019ರ ಮೇ ತಿಂಗಳಿನಲ್ಲಿ ಅಲ್ಲಿಯ ಉನ್ನತ ಆಡಳಿತ ನ್ಯಾಯಾಲಯವು, ಸಾರಜನಕ ಹೆಚ್ಚಿಸುವ ಕೆಲಸಗಳಿಗೆ ಸರ್ಕಾರ ಅನುಮತಿ ಕೊಡುತ್ತಿದ್ದ ಕ್ರಮ ಸರಿಯಲ್ಲ ಎಂದು ತೀರ್ಪು ಕೊಟ್ಟಿತು. ಹಸುಗಳ ಸಂಖ್ಯೆ ಇಳಿಸಬೇಕೆಂಬ ಮಾತು ಬಂದಾಗ ಅದೇ ವರ್ಷ ಅಕ್ಟೋಬರ್ 1ರಂದು ರೈತರು ಸಾವಿರಾರು ಟ್ರ್ಯಾಕ್ಟರ್ ಹೊಡೆದುಕೊಂಡು ದ ಹೇಗ್ ನಗರಕ್ಕೆ ಬಂದು ಪ್ರತಿಭಟಿಸಿದರು. ಅವರದ್ದೂ ಸಂಕಟವೇ. ಹೆಚ್ಚು ಹಸು ಕಟ್ಟಿ, ದೊಡ್ಡ ಕೊಟ್ಟಿಗೆ ಕಟ್ಟಿ ಎಂದು ಬ್ಯಾಂಕು, ಮಾರುಕಟ್ಟೆ ಎಲ್ಲವೂ ಹೇಳಿದ್ದನ್ನು ಕೇಳಿ ಸಾಲ ಮಾಡಿದವರು ಅವರು.

ಅದಕ್ಕೆ ಹಿನ್ನೆಲೆ ಹೀಗಿದೆ. ಹಾಲು ಹೆಚ್ಚಾಗಿ ಬೆಲೆ ಬೀಳಬಾರದೆಂದು ಯುರೋಪಿನಲ್ಲಿ 1984ರಿಂದ ಪ್ರತಿ ದೇಶಕ್ಕೂ ಇಷ್ಟೇ ಹಾಲು ಎಂಬ ಮಿತಿ ಇತ್ತು. 2015ರಲ್ಲಿ ಆ ಮಿತಿ ತೆಗೆದರು. ಹಾಲು ಹೆಚ್ಚಿತು, ಬೆಲೆ ಕುಸಿಯಿತು. ರೈತರನ್ನು ಉಳಿಸಲು ಸರ್ಕಾರಗಳು ಕೆನೆರಹಿತ ಪುಡಿಯನ್ನು ಕೊಂಡು ಗೋದಾಮಿಗೆ ತುಂಬಿದವು; ಒಂದು ಹಂತದಲ್ಲಿ ಆ ದಾಸ್ತಾನು 3.5 ಲಕ್ಷ ಟನ್ ದಾಟಿತು. ಅಷ್ಟು ಪುಡಿಗೆ ಮಾರುಕಟ್ಟೆ ಬೇಕಲ್ಲ?

ಕೊಬ್ಬು ಬರುವ ಊರು: ಇಂಡೋನೇಷ್ಯಾ

ಹಾಲಿನ ಬೆಲೆ ಫ್ಯಾಟ್ ಮತ್ತು ಎಸ್.ಎನ್.ಎಫ್. ಮೇಲೆ ನಿಂತಿದೆ ಎನ್ನುವುದು ಸಂಘದ ಚೀಟಿ ನೋಡುವ ನಿಮಗೆ ಹೇಳಬೇಕಾಗಿಲ್ಲ. ಯುರೋಪಿನ ಕಾರ್ಖಾನೆಯವರಿಗೂ ಅದೇ ಲೆಕ್ಕ. ಹಾಲಿನ ಫ್ಯಾಟನ್ನು ಬೆಣ್ಣೆ, ಕ್ರೀಮ್ ಮಾಡಿದರೆ ಒಳ್ಳೆಯ ಬೆಲೆ. ಉಳಿದ ಎಸ್.ಎನ್.ಎಫ್. ಕೆನೆರಹಿತ ಪುಡಿಯಾಗುತ್ತದೆ. ಆ ಪುಡಿಗೆ ಅಗ್ಗದ ಸಸ್ಯದ ಎಣ್ಣೆ, ಹೆಚ್ಚಾಗಿ ತಾಳೆ ಎಣ್ಣೆ, ಸೇರಿಸಿದರೆ ನೋಡಲು, ಕದಡಲು ಕೆನೆಭರಿತ ಹಾಲಿನ ಪುಡಿಯ ಹಾಗೇ ಇರುತ್ತದೆ. ಬೆಲೆ ಮಾತ್ರ ಸಾಕಷ್ಟು ಕಡಿಮೆ. ಐರ್ಲೆಂಡ್, ನೆದರ್ಲೆಂಡ್ಸ್ ಮೊದಲಾದ ದೇಶಗಳಿಂದ ಈ ಮಿಶ್ರ ಪುಡಿ ಆಫ್ರಿಕಾಕ್ಕೆ ಹೋಗುತ್ತದೆ. ಎಸ್.ಎನ್.ಎಫ್. ಒಂದು ಖಂಡದ್ದು, ಫ್ಯಾಟ್ ಇನ್ನೊಂದು ಖಂಡದ್ದು.

ಜಗತ್ತಿನ ತಾಳೆ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಇಂಡೋನೇಷ್ಯಾ ಮತ್ತು ಮಲೇಷ್ಯಾದಿಂದ ಬರುತ್ತದೆ. ಅಲ್ಲಿಯ ಸುಮಾತ್ರಾ, ಬೋರ್ನಿಯೊ ದ್ವೀಪಗಳಲ್ಲಿ ಸಾವಿರಾರು ವರ್ಷದ ಎಲೆ, ಬೇರು ಕೊಳೆತು ಕಪ್ಪಗೆ ಹೆಪ್ಪುಗಟ್ಟಿದ ಜೌಗುನೆಲ ಇದೆ. ತಾಳೆ ತೋಟಕ್ಕಾಗಿ ಕಾಲುವೆ ತೋಡಿ ಅದರ ನೀರು ಬಸಿದರೆ ಆ ನೆಲ ಒಣಗುತ್ತದೆ, ಬೆಂಕಿ ಬಿದ್ದರೆ ಒಳಗೊಳಗೇ ವಾರಗಟ್ಟಲೆ ಉರಿಯುತ್ತದೆ. 2015ರಲ್ಲಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಹೊಗೆ ಸಿಂಗಾಪುರ, ಮಲೇಷ್ಯಾವರೆಗೂ ಕವಿದು ಶಾಲೆಗಳಿಗೆ ರಜೆ ಕೊಟ್ಟರು. ಎಲ್ಲ ಬೆಂಕಿಯೂ ತಾಳೆ ತೋಟದ್ದಲ್ಲ. ಆದರೆ ನೀರು ಬಸಿದ ನೆಲ ಇಲ್ಲದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಆ ತೋಟಗಳಲ್ಲಿ ಗೊಬ್ಬರ ಹಾಕುವ, ಔಷಧಿ ಸಿಂಪಡಿಸುವ ಕೆಲಸಕ್ಕೆ ದಿನಗೂಲಿಯ ಹೆಣ್ಣುಮಕ್ಕಳೇ ಹೆಚ್ಚು. ಕಾಯಂ ಕೆಲಸದವರಿಗೆ ಸಿಗುವ ಸೌಲಭ್ಯ ಅವರಲ್ಲಿ ಅನೇಕರಿಗೆ ಇಲ್ಲ.

ಈ ಎಣ್ಣೆಯ ವಿಷಯದಲ್ಲಿ ನಾವೂ ದೂರದವರಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ಭಾರತ. ಪಾಮೋಲಿನ್ ಡಬ್ಬ ಕೊಳ್ಳದ ಮನೆಯಲ್ಲೂ ಬಿಸ್ಕತ್ತು, ಕುರುಕಲು ತಿಂಡಿ, ಸೋಪಿನ ರೂಪದಲ್ಲಿ ಅದು ಇದೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಕೆಲವು ವಾರ ರಫ್ತು ನಿಲ್ಲಿಸಿತ್ತು. ಆ ಬೇಸಿಗೆಯಲ್ಲಿ ಅಡುಗೆ ಎಣ್ಣೆಯ ಬೆಲೆ ಎಲ್ಲಿಗೆ ಮುಟ್ಟಿತ್ತು ಎಂದು ನಿಮಗೆ ನೆನಪಿರಬಹುದು. ಬೆಲೆ ಏರಿದಾಗ ಮಾತ್ರ ಆ ಊರಿನ ಹೆಸರು ನಮ್ಮ ಕಿವಿಗೆ ಬಿತ್ತು. ಕಾಡು ಉರಿದಾಗ ಬಿದ್ದಿರಲಿಲ್ಲ.

ಪುಡಿ ಇಳಿಯುವ ಊರು: ಪಶ್ಚಿಮ ಆಫ್ರಿಕಾ

ಈಗ ನಮ್ಮ ಚಮಚ ತಲುಪುವ ಜಾಗಕ್ಕೆ ಬಂದೆವು. ಸೆನೆಗಲ್, ಮಾಲಿ, ಬುರ್ಕಿನಾ ಫಾಸೊ, ನೈಜೀರಿಯಾ ಮುಂತಾದ ದೇಶಗಳಲ್ಲಿ ಫುಲಾನಿ ಎಂಬ ದನಗಾಹಿ ಜನ ಇದ್ದಾರೆ. ಅವರಲ್ಲಿ ದನ ಮೇಯಿಸುವುದು ಗಂಡಸರ ಕೆಲಸ. ಹಾಲು ಮಾತ್ರ ಹೆಂಗಸರದ್ದು. ಹಾಲನ್ನು ಹೆಪ್ಪು ಹಾಕುವುದು, ಸೋರೆ ಬುರುಡೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಸಂತೆಗೆ ಒಯ್ಯುವುದು, ಮಾರಿದ ದುಡ್ಡಿನಲ್ಲಿ ಕಾಳು, ಉಪ್ಪು, ಮಕ್ಕಳಿಗೆ ಬೇಕಾದ್ದು ತರುವುದು ಅವರದೇ ಹಕ್ಕು, ಅವರದೇ ಜವಾಬ್ದಾರಿ. ನೈಜೀರಿಯಾದ ಉತ್ತರ ಭಾಗದಲ್ಲಿ ಆ ಹುಳಿ ಹಾಲಿಗೆ ನೋನೋ ಎನ್ನುತ್ತಾರೆ. ಸಜ್ಜೆ ಹಿಟ್ಟನ್ನು ಬೇಯಿಸಿ ಉಂಡೆ ಮಾಡಿ ಅದರಲ್ಲಿ ಕಲಸಿ ಕುಡಿಯುತ್ತಾರೆ. ನಮ್ಮ ಅಂಬಲಿ-ಮಜ್ಜಿಗೆಯ ಹಾಗೇ ಎನ್ನಿ.

ಆ ನಾಟಿ ಹಸು ಕರುವಿಗೆ ಬಿಟ್ಟು ದಿನಕ್ಕೆ ಲೀಟರು, ಎರಡು ಲೀಟರು ಕೊಟ್ಟರೆ ಹೆಚ್ಚು. ಬೇಸಿಗೆಯಲ್ಲಿ ಮೇವಿಲ್ಲ, ಅಲ್ಲಲ್ಲಿ ಚದುರಿದ ಹಟ್ಟಿಗಳು, ಹಾಲು ತಂಪು ಮಾಡುವ ವ್ಯವಸ್ಥೆ ಇಲ್ಲ. ಪೇಟೆಗಳು ಮಾತ್ರ ಬೆಳೆಯುತ್ತಲೇ ಇವೆ. ಪೇಟೆಯ ತಾಯಿಗೆ ಮಗುವಿಗೆ ಹಾಲು ಬೇಕು. ಅಂಗಡಿಯಲ್ಲಿ ಪುಟ್ಟ ಸ್ಯಾಶೆ ಪುಡಿ ಸಿಗುತ್ತದೆ, ಕೆಡುವುದಿಲ್ಲ, ಅಗ್ಗ. ಅವಳು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ ದೊಡ್ಡ ಚೀಲದಲ್ಲಿ ಬರುವ ಹಾಲಿನ ಪುಡಿಗೆ ಹಾಕುವ ಆಮದು ಸುಂಕ ಬರೀ 5%. ನಮ್ಮ ದೇಶದಲ್ಲಿ ಹಾಲಿನ ಪುಡಿಗೆ ಸಾಮಾನ್ಯ ಸುಂಕ 60%.

ಹೀಗಾಗಿ ಹಟ್ಟಿಯ ಹೆಣ್ಣುಮಗಳು ತಂದ ಹಾಲಿಗೆ ಪೇಟೆಯಲ್ಲಿ ಪುಡಿಯೇ ಪೈಪೋಟಿ. ಪೇಟೆಯ ಡೇರಿಯೂ ಪುಡಿ ಕದಡಿ ಮೊಸರು ಮಾಡುವುದನ್ನೇ ಲಾಭ ಎಂದು ನೋಡುತ್ತದೆ. ಹಟ್ಟಿಯಿಂದ ಹಟ್ಟಿಗೆ ಹೋಗಿ ಹಾಲು ಸಂಗ್ರಹಿಸುವ ಖರ್ಚು ಮಾಡಲು ಮುಂದೆ ಬರುವುದಿಲ್ಲ. ಸಂಗ್ರಹ ಇಲ್ಲದಿದ್ದರೆ ಆಕೆಗೆ ಹಾಲು ಹೆಚ್ಚಿಸಲು ಕಾರಣವೂ ಇಲ್ಲ. ಹಾಲು ಕಡಿಮೆ, ಅದಕ್ಕೇ ಪುಡಿ ಬೇಕು ಎಂದು ಮತ್ತೆ ಅದೇ ಮಾತು. ಸಂತೆಗೆ ಹೋಗುವುದು ನಿಂತರೆ ಮನೆಯಲ್ಲಿ ಅವಳ ಕೈಯಲ್ಲಿದ್ದ ದುಡ್ಡೂ ಹೋಗುತ್ತದೆ. ಹಾಲಿನ ದುಡ್ಡು ತನ್ನ ಹೆಸರಿಗೇ ಜಮಾ ಆಗುವುದಕ್ಕೂ, ಗಂಡನ ಕೈ ನೋಡುವುದಕ್ಕೂ ಇರುವ ವ್ಯತ್ಯಾಸ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಲ್ಲಿಯವರು ಸುಮ್ಮನೆ ಕೂತಿಲ್ಲ. 2018ರಲ್ಲಿ "ನನ್ನ ಹಾಲು ಸ್ಥಳೀಯ" ಎಂಬ ಅಭಿಯಾನ ಶುರುವಾಯಿತು. ಸೆನೆಗಲ್‌ನ ರಿಶಾರ್ ತೋಲ್ ಎಂಬಲ್ಲಿ 2006ರಿಂದ ಒಂದು ಡೇರಿ ಸುತ್ತಲ ದನಗಾಹಿಗಳ ಹಾಲನ್ನು ಸಂಗ್ರಹಿಸಿ ಮೊಸರು ಮಾಡುತ್ತಿದೆ. ಯುರೋಪಿನ ಹಾಲು ಉತ್ಪಾದಕರಲ್ಲೂ ಕೆಲವರು 2019ರಲ್ಲಿ ಇವರ ಜೊತೆ ದನಿಗೂಡಿಸಿ, ನಮ್ಮ ಹೆಚ್ಚುವರಿ ಹಾಲಿನ ತೊಂದರೆಯನ್ನು ಅವರ ತಲೆಗೆ ಕಟ್ಟಬೇಡಿ ಎಂದು ತಮ್ಮ ಸರ್ಕಾರಗಳನ್ನೇ ಕೇಳಿದರು. ಎರಡೂ ಕಡೆಯ ಹಾಲಿನವರು ಒಬ್ಬರಿಗೊಬ್ಬರು ಕಂಡಾಗ ಮಾತು ಬದಲಾಯಿತು.

ಅದೇ ಪುಡಿ ನಮ್ಮಲ್ಲಿಗೂ ಬಂದಿತ್ತು

ಈ ಕಥೆಯಲ್ಲಿ ನಮ್ಮ ಪಾಲೂ ಒಂದಿದೆ. 1970ರಲ್ಲಿ ಯುರೋಪಿನಲ್ಲಿ ಹೀಗೇ ಪುಡಿ, ಬೆಣ್ಣೆ ಎಣ್ಣೆ ರಾಶಿ ಬಿದ್ದಿತ್ತು. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಕೆನೆರಹಿತ ಪುಡಿ ಮತ್ತು 42,000 ಟನ್ ಬೆಣ್ಣೆ ಎಣ್ಣೆಯನ್ನು ಭಾರತಕ್ಕೆ ದಾನವಾಗಿ ಕೊಡಲು ಒಪ್ಪಂದವಾಯಿತು. ಅದನ್ನು ಪೇಟೆಗಳಲ್ಲಿ ಅಗ್ಗಕ್ಕೆ ಹಂಚಿಬಿಟ್ಟಿದ್ದರೆ ನಮ್ಮ ಹಳ್ಳಿಯ ಹಾಲಿಗೂ ಫುಲಾನಿ ಹೆಂಗಸರ ಹಾಲಿನ ಗತಿಯೇ ಬರುತ್ತಿತ್ತು.

ಆನಂದ್‌ನಲ್ಲಿ 1965ರಲ್ಲಿ ಶುರುವಾಗಿದ್ದ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ, ಡಾ. ವರ್ಗೀಸ್ ಕುರಿಯನ್ ಅವರ ನೇತೃತ್ವದಲ್ಲಿ, ಬೇರೆ ದಾರಿ ಹಿಡಿಯಿತು. ಆ ಪುಡಿಯನ್ನು ಹಾಲಾಗಿ ಕದಡಿ ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈ ಡೇರಿಗಳಲ್ಲಿ ಮಾರಿದರು. ಆದರೆ ರೈತರ ಹಾಲಿನ ಬೆಲೆ ಮುರಿಯುವ ಹಾಗೆ ಮಾರಲಿಲ್ಲ. ಬಂದ ದುಡ್ಡನ್ನು ಹಳ್ಳಿ ಸಂಘ, ಶೀತಲ ಕೇಂದ್ರ, ಟ್ಯಾಂಕರ್, ಪಶು ಆಹಾರ ಕಾರ್ಖಾನೆ ಕಟ್ಟಲು ಹಾಕಿದರು. ಇದೇ ಆಪರೇಷನ್ ಫ್ಲಡ್. ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಹುಟ್ಟಿತು, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ಮುಂದೆ ಸ್ಟೆಪ್ ಯೋಜನೆಯಡಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಬಂದವು. ನಿಮ್ಮಲ್ಲಿ ಹಲವರು ಇವತ್ತು ಅಂಥ ಸಂಘಗಳ ಅಧ್ಯಕ್ಷರು, ನಿರ್ದೇಶಕರು, ಹಾಲು ಪರೀಕ್ಷಕರು.

ಈಗ ನಮ್ಮ ಪುಡಿಯ ಒಂದು ಪಾಲು ಹೋಗುವ ಜಾಗವೂ ನಿಮಗೆ ಕಾಣುತ್ತದೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಯ ಮಕ್ಕಳಿಗೆ ಕೊಡುವ 150 ಮಿ.ಲೀ. ಹಾಲು ನಮ್ಮ ಒಕ್ಕೂಟಗಳ ಪುಡಿಯಿಂದಲೇ ಆಗುವುದು. ನಿಮ್ಮ ಮನೆಯ ಹಾಲು, ನಿಮ್ಮ ಮಗುವಿನ ಲೋಟ.

ಈ ವ್ಯವಸ್ಥೆ ತಾನಾಗಿ ಉಳಿಯುವುದಿಲ್ಲ. ಆರ್‌ಸಿಇಪಿ ಎಂಬ 16 ದೇಶಗಳ ವ್ಯಾಪಾರ ಒಪ್ಪಂದದ ಮಾತುಕತೆ ನಡೆದಾಗ, ತಾನು ಉತ್ಪಾದಿಸಿದ ಹಾಲಿನಲ್ಲಿ ನೂರಕ್ಕೆ ತೊಂಬತ್ತೈದರಷ್ಟನ್ನು ರಫ್ತು ಮಾಡುವ ನ್ಯೂಜಿಲೆಂಡ್‌ನ ಪುಡಿ ಸುಂಕವಿಲ್ಲದೆ ಬಂದೀತೆಂದು ದೇಶದ ಹಾಲು ಉತ್ಪಾದಕರು ಆತಂಕಪಟ್ಟರು. ನಮ್ಮ ರಾಜ್ಯದಲ್ಲೂ ರೈತರು ಬೀದಿಗಿಳಿದರು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಆ ಒಪ್ಪಂದಕ್ಕೆ ಸೇರುವುದಿಲ್ಲ ಎಂದು ತಿಳಿಸಿತು.

ನಾವೂ ಒಂದು ಕೊಂಡಿಯೇ

ಇಷ್ಟು ಓದಿದ ಮೇಲೆ, ತಪ್ಪೆಲ್ಲ ದೂರದ ದೇಶದವರದ್ದು ಎಂದುಕೊಂಡರೆ ಅರ್ಧ ಮಾತ್ರ ತಿಳಿದ ಹಾಗೆ. ನಮಗೆ ಸೆರಾಡೊ ಕಾಣದ ಹಾಗೆ, ಬೆಂಗಳೂರಿನಲ್ಲಿ ಪ್ಯಾಕೆಟ್ ಕತ್ತರಿಸುವ ತಾಯಿಗೆ ನಮ್ಮ ಕೊಟ್ಟಿಗೆ ಕಾಣುವುದಿಲ್ಲ. ಆಕೆ ನಂಬಿಕೆಯ ಮೇಲೆ ಕುಡಿಸುತ್ತಾಳೆ. ಆ ನಂಬಿಕೆ ಮುರಿದರೆ ಏನಾಗುತ್ತದೆ ಎನ್ನುವುದಕ್ಕೆ ಚೀನಾ ಉದಾಹರಣೆ. 2008ರಲ್ಲಿ ಅಲ್ಲಿ ನೀರು ಬೆರೆಸಿದ ಹಾಲಿನಲ್ಲಿ ಪ್ರೋಟೀನ್ ಹೆಚ್ಚು ತೋರಿಸಲೆಂದು ಮೆಲಮೈನ್ ಎಂಬ ರಾಸಾಯನಿಕ ಹಾಕಿದ್ದರು. ಆ ಹಾಲಿನ ಪುಡಿ ಕುಡಿದ ಸುಮಾರು 3 ಲಕ್ಷ ಎಳೆಮಕ್ಕಳ ಆರೋಗ್ಯ ಕೆಟ್ಟಿತು, ಆರು ಮಕ್ಕಳು ಸತ್ತವು. ಹಾಲು ಸಂಗ್ರಹಿಸುವವನಿಗೆ ಆ ಮಕ್ಕಳ ಮುಖ ಕಂಡಿರಲಿಲ್ಲ. ಆಗಿನಿಂದ ಭಾರತ ಚೀನಾದ ಹಾಲು, ಹಾಲಿನ ಪದಾರ್ಥಗಳ ಆಮದು ನಿಷೇಧಿಸಿದೆ.

ಪಶುವೈದ್ಯಳಾಗಿ ನಾನು ಮತ್ತೆ ಮತ್ತೆ ಹೇಳುವ ವಿಷಯವೂ ಇದರದ್ದೇ ಇನ್ನೊಂದು ರೂಪ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ಮೇಲೂ ಹಾಲು ಬೆಳ್ಳಗೇ ಇರುತ್ತದೆ, ರುಚಿಯೂ ಬದಲಾಗುವುದಿಲ್ಲ. ಆದರೆ ಔಷಧಿಯ ಅಂಶ ಅದರಲ್ಲಿರುತ್ತದೆ. ಔಷಧಿಯ ಲೇಬಲ್ ಮೇಲೆ ಹಾಲು ಬಳಸಬಾರದ ಅವಧಿ ಬರೆದಿರುತ್ತದೆ. ಬೇರೆಯಾಗಿ ಪರೀಕ್ಷಿಸಿ ನಿಗದಿಪಡಿಸದ ಔಷಧಿಗಳಿಗೆ ನಿಯಮದ ಪ್ರಕಾರ ಹಾಲಿನ ಮಟ್ಟಿಗೆ ಅದು ಕನಿಷ್ಠ 7 ದಿನ. ಒಬ್ಬರ ಕ್ಯಾನಿನ ಹಾಲು ಇಡೀ ಟ್ಯಾಂಕರನ್ನು ಸೇರುತ್ತದೆ ಎನ್ನುವುದು ನೆನಪಿರಲಿ.

ಇನ್ನೊಂದು, ರಣಹದ್ದಿನ ಸಂಗತಿ. ಬಾವು, ಕುಂಟಿಗೆ ದನಗಳಿಗೆ ಡೈಕ್ಲೊಫೆನಾಕ್ ಎಂಬ ನೋವಿನ ಇಂಜೆಕ್ಷನ್ ಕೊಡುತ್ತಿದ್ದ ಕಾಲ ಒಂದಿತ್ತು. ದನಕ್ಕೆ ಅದರಿಂದ ಬೇಗ ಆರಾಮ. ಆ ದನ ಸತ್ತು, ಹೆಣವನ್ನು ರಣಹದ್ದು ತಿಂದರೆ ಅದರ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಇದು ಪತ್ತೆಯಾಗಿ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸುವ ಹೊತ್ತಿಗೆ ಕಾಲ ಮೀರಿತ್ತು. 1992ರಿಂದ 2007ರ ನಡುವೆ ನಮ್ಮ ದೇಶದ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಕಣ್ಮರೆಯಾದವು. ಇಂಜೆಕ್ಷನ್ ಹಾಕಿದ ಯಾರಿಗೂ ಹದ್ದು ಕೊಲ್ಲುವ ಉದ್ದೇಶ ಇರಲಿಲ್ಲ. ಹದ್ದು ಸತ್ತದ್ದು ಅವರ ಕಣ್ಣೆದುರಲ್ಲ. ಹೆಣ ತಿನ್ನಲು ಹದ್ದು ಇಲ್ಲವಾದ ಮೇಲೆ ಬೀದಿನಾಯಿಗಳು ಹೆಚ್ಚಿದವು. 2006ರಲ್ಲಿ ದನಗಳಿಗೆ ಈ ಔಷಧಿಯನ್ನು ನಿಷೇಧಿಸಿದರು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್ ಕೂಡ ನಿಷೇಧದ ಪಟ್ಟಿ ಸೇರಿದವು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಗಿದೆ. ಅಲ್ಲಿಯ ಕೆಲವೇ ಹದ್ದುಗಳ ಅಳಿವು ಉಳಿವು ಸುತ್ತಲ ಕೊಟ್ಟಿಗೆಗಳಲ್ಲಿ ಯಾವ ಸೀಸೆ ತೆರೆಯುತ್ತದೆ ಎನ್ನುವುದರ ಮೇಲೂ ನಿಂತಿದೆ.

ನಮ್ಮ ಕೈಯಲ್ಲಿರುವುದು

ಬ್ರೆಜಿಲ್‌ನ ಕೊಡಲಿಯನ್ನು ನಾವು ಇಲ್ಲಿಂದ ತಡೆಯಲಾರೆವು. ಆದರೆ ನಮ್ಮ ಕಡೆಯ ದಾರಿಯನ್ನು ಚಿಕ್ಕದಾಗಿ, ಕಾಣುವ ಹಾಗೆ ಇಟ್ಟುಕೊಳ್ಳಬಹುದು.

1. ಪ್ರತಿ ಚಿಕಿತ್ಸೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಹಸು, ಯಾವ ಔಷಧಿ, ಯಾವ ದಿನ, ಎಷ್ಟು ದಿನ ಹಾಲು ಹಾಕಬಾರದು. ವೈದ್ಯರು ಬಂದಾಗ ಇದನ್ನು ಕೇಳಿಯೇ ಬರೆಸಿಕೊಳ್ಳಿ. ಆ ದಿನಗಳ ಹಾಲು ಸಂಘಕ್ಕೂ ಬೇಡ, ಮನೆಗೂ ಬೇಡ.

2. ನೋವಿನ ಇಂಜೆಕ್ಷನ್ ಬೇಕಾದರೆ ಮೆಲಾಕ್ಸಿಕಾಮ್ ಇದೆ, ರಣಹದ್ದಿಗೆ ಅದರಿಂದ ಅಪಾಯವಿಲ್ಲ. ಮನುಷ್ಯರ ಔಷಧಿ ಅಂಗಡಿಯಿಂದ ಡೈಕ್ಲೊಫೆನಾಕ್ ತಂದು ದನಕ್ಕೆ ಹಾಕಿಸಬೇಡಿ.

3. ಹಿಂಡಿ ಪೂರ್ತಿ ಬಿಡಲು ಆಗದು. ಬದುವಿನಲ್ಲಿ ಅಗಸೆ, ನುಗ್ಗೆ, ಗ್ಲಿರಿಸಿಡಿಯಾ, ಸ್ವಲ್ಪ ಜಾಗದಲ್ಲಿ ಕುದುರೆ ಮಸಾಲೆ ಅಥವಾ ಅಲಸಂದೆ ಮೇವು, ಒಂದು ತೊಟ್ಟಿ ಅಜೋಲಾ ಇದ್ದರೆ ಪ್ರೋಟೀನಿನ ಒಂದು ಪಾಲು ಮನೆಯಲ್ಲೇ ಸಿಗುತ್ತದೆ. ಹೊರಗಿನ ಬೆಲೆ ಏರಿದಾಗ ಅಷ್ಟರ ಮಟ್ಟಿಗೆ ನಿಮ್ಮ ಖರ್ಚು ನಿಮ್ಮ ಹಿಡಿತದಲ್ಲಿರುತ್ತದೆ. ಸಗಣಿ ಹೊಲಕ್ಕೆ ವಾಪಸು ಹೋಗಲಿ.

4. ಕೊಳ್ಳುವಾಗ ಲೇಬಲ್ ಓದಿ, ಓದಲು ಬರುವ ಮಕ್ಕಳಿಂದ ಓದಿಸಿ. ಐಸ್‌ಕ್ರೀಮ್ ಎಂದುಕೊಂಡು ಮಕ್ಕಳಿಗೆ ಕೊಡಿಸುವುದು ಎಷ್ಟೋ ಸಲ ಫ್ರೋಜನ್ ಡೆಸರ್ಟ್ ಆಗಿರುತ್ತದೆ. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಇರುತ್ತದೆ. ಮಾರುವುದು ಕಾನೂನಿಗೆ ವಿರುದ್ಧವಲ್ಲ, ಆದರೆ ಅದರ ಕೊಬ್ಬು ನಿಮ್ಮ ಹಾಲಿನದಲ್ಲ.

5. ವಾರ್ಷಿಕ ಮಹಾಸಭೆಗೆ ತಪ್ಪದೆ ಬನ್ನಿ. ಈ ವರ್ಷ ಒಕ್ಕೂಟದಲ್ಲಿ ಎಷ್ಟು ಪುಡಿ ಆಯಿತು, ಎಷ್ಟಕ್ಕೆ ಹೋಯಿತು, ಪಶು ಆಹಾರಕ್ಕೆ ಕಚ್ಚಾ ಮಾಲು ಎಲ್ಲಿಂದ ಬರುತ್ತದೆ ಎಂದು ಕೇಳಿ. ಹೊಸ ವ್ಯಾಪಾರ ಒಪ್ಪಂದದ ಸುದ್ದಿ ಬಂದಾಗ ಅದರಲ್ಲಿ ಹಾಲು ಇದೆಯೇ ಇಲ್ಲವೇ ಎಂದು ವಿಚಾರಿಸಿ.

ಸೋರೆ ಬುರುಡೆ ಹೊತ್ತು ಸಂತೆಗೆ ಹೋಗುವ ಫುಲಾನಿ ಹೆಣ್ಣುಮಗಳಿಗೂ ನಿಮಗೂ ಕೆಲಸದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಬೆಳಗಿನ ಜಾವ ಏಳುವುದು, ಕರುವಿಗೆ ಬಿಟ್ಟು ಕರೆಯುವುದು, ಹಾಲಿನ ದುಡ್ಡಿನಲ್ಲಿ ಮನೆ ನಡೆಸುವುದು ಎಲ್ಲ ಒಂದೇ. ಅವಳಲ್ಲಿ ಅನೇಕರಿಗೆ ಇಲ್ಲದ್ದು ಒಂದು ನಿಮಗಿದೆ: ನಿಮ್ಮ ಹೆಸರಿನ ಷೇರು ಇರುವ ಸಂಘ. ಅದರ ಸಭೆಯಲ್ಲಿ ಹಿಂದೆ ಕೂರಬೇಡಿ.

– ಪಶುವೈದ್ಯಾಧಿಕಾರಿ, ಪಶುವೈದ್ಯಕೀಯ ವಿಭಾಗ